ಅಡಿಸ್ ಅಬಾಬಾದಲ್ಲಿ ಎರಡು ದಿನ: ವಿಮಾನ ಬದಲಿಸುವ ಊರನ್ನು ನೋಡಿಕೊಂಡೇ ಮುಂದೆ ಹೋಗುವವರಿಗೆ

ಆಫ್ರಿಕಾದ ಬೇರೆ ಬೇರೆ ದೇಶಗಳಿಗೆ ಕೆಲಸಕ್ಕೆಂದೋ ಪ್ರವಾಸಕ್ಕೆಂದೋ ಹೊರಡುವ ಕನ್ನಡಿಗರಲ್ಲಿ ಅನೇಕರು ಇಥಿಯೋಪಿಯದ ರಾಜಧಾನಿ ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸುತ್ತಾರೆ. ಅಂಥವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ಒಂದೆರಡು ದಿನ ಅಲ್ಲಿಯೇ ಉಳಿದರೆ ನೋಡುವುದಕ್ಕೆ ಏನಿದೆ, ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ, ಒಬ್ಬರೇ ಓಡಾಡಬಹುದೇ? ಉಳಿಯಬಹುದು, ಊಟ ಚೆನ್ನಾಗಿಯೇ ಸಿಗುತ್ತದೆ, ಸ್ವಲ್ಪ ಎಚ್ಚರವಿದ್ದರೆ ಓಡಾಟವೂ ಕಷ್ಟವಲ್ಲ. ಆದರೆ ಸ್ಮಾರಕಗಳ ಪಟ್ಟಿ ಹಿಡಿದು ಒಂದೊಂದಕ್ಕೂ ಗುರುತು ಹಾಕುತ್ತ ಹೋಗುವವರಿಗೆ ಈ ಊರು ಅರ್ಧ ದಿನಕ್ಕೇ ಮುಗಿದುಹೋದಂತೆ ಕಾಣುತ್ತದೆ. ಇಲ್ಲಿಯ ಸುಖವಿರುವುದು ಊರಿನ ದಿನಚರಿಯಲ್ಲಿ, ಅಂದರೆ ಅದರ ಗಡಿಯಾರ, ಉಪವಾಸದ ವಾರಗಳು, ಮೂರು ಸುತ್ತಿನ ಕಾಫಿ ಮತ್ತು ಬೆಳಗಿನ ಪ್ರಾರ್ಥನೆಯಲ್ಲಿ. ಆ ದಿನಚರಿಗೆ ನಿಮ್ಮ ಎರಡು ದಿನಗಳನ್ನು ಹೊಂದಿಸಿಕೊಳ್ಳುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಹಂತ 1: ಹೊರಡುವ ಮೊದಲು ಕಾಗದಪತ್ರ, ಲಸಿಕೆ ಮತ್ತು ಹಣ

ವಿಮಾನ ನಿಲ್ದಾಣದಿಂದ ಹೊರಗೆ ಬರಬೇಕಾದರೆ ವೀಸಾ ಬೇಕು. ಭಾರತೀಯರು ಇಥಿಯೋಪಿಯ ಸರ್ಕಾರದ ಅಧಿಕೃತ ಇ-ವೀಸಾ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಅದೇ ಬಣ್ಣ, ಅದೇ ಲಾಂಛನ ಬಳಸಿಕೊಂಡು ಹೆಚ್ಚು ಶುಲ್ಕ ಕೀಳುವ ಮಧ್ಯವರ್ತಿಗಳ ಜಾಲತಾಣಗಳೂ ಇರುವುದರಿಂದ ವಿಳಾಸವನ್ನು ಎರಡು ಬಾರಿ ನೋಡಿಕೊಳ್ಳಿ. ಮುಂದಿನ ವಿಮಾನಕ್ಕೆ ದೀರ್ಘಕಾಲ ಕಾಯಬೇಕಾದ ಕೆಲವು ಟಿಕೆಟ್‌ಗಳಲ್ಲಿ ವಿಮಾನಯಾನ ಸಂಸ್ಥೆಯೇ ಹೋಟೆಲ್ ಒದಗಿಸುವುದುಂಟು; ಟಿಕೆಟ್ ಕೊಳ್ಳುವ ಮೊದಲೇ ಇದನ್ನು ಕೇಳಿ ತಿಳಿದುಕೊಂಡರೆ ಒಂದು ರಾತ್ರಿಯ ಖರ್ಚು ಉಳಿಯಬಹುದು. ದೇಶದ ಕೆಲವು ಪ್ರಾಂತ್ಯಗಳಲ್ಲಿ ಸಂಘರ್ಷವಿರುವ ಕಾರಣ, ರಾಜಧಾನಿಯನ್ನು ದಾಟಿ ಹೋಗುವ ಆಲೋಚನೆ ಇದ್ದವರು ಭಾರತದ ವಿದೇಶಾಂಗ ಸಚಿವಾಲಯದ ಸೂಚನೆಯನ್ನು ಓದದೆ ಹೊರಡಬಾರದು.

ಎರಡನೆಯದು ಯೆಲ್ಲೋ ಫೀವರ್ ಲಸಿಕೆ. ಸೊಳ್ಳೆಯಿಂದ ಹರಡುವ ಈ ಜ್ವರ ಭಾರತದಲ್ಲಿಲ್ಲ. ಬರದಂತೆ ತಡೆಯಬೇಕೆಂದು ನಮ್ಮ ಸರ್ಕಾರ ಕಟ್ಟುನಿಟ್ಟಾಗಿದೆ. ಇಥಿಯೋಪಿಯದಂಥ ದೇಶದಿಂದ ಹಿಂದಿರುಗುವವರ ಬಳಿ ಲಸಿಕೆಯ ಪ್ರಮಾಣಪತ್ರ, ಅಂದರೆ ಹಳದಿ ಬಣ್ಣದ ಆ ಪುಟ್ಟ ಪುಸ್ತಿಕೆ, ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲಿಯೇ ತಡೆದು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಆಮೇಲೆ ಅದು ಜೀವನಪರ್ಯಂತ ನಡೆಯುತ್ತದೆ. ಆದ್ದರಿಂದ ಹೊರಡುವ ವಾರದಲ್ಲಿ ನೆನಪಿಸಿಕೊಂಡರೆ ಪ್ರಯೋಜನವಿಲ್ಲ. ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ, ಮುಂಗಡವಾಗಿ ಸಮಯ ಪಡೆಯಬೇಕಾಗುತ್ತದೆ.

ಹಣದ ವಿಚಾರದಲ್ಲಿ ಹಳೆಯ ಪ್ರವಾಸಕಥನಗಳ ಲೆಕ್ಕವನ್ನು ನಂಬಬೇಡಿ. 2024ರ ಜುಲೈ ಕೊನೆಯಲ್ಲಿ ಇಥಿಯೋಪಿಯ ತನ್ನ ನಾಣ್ಯವಾದ ಬಿರ್‌ನ ವಿನಿಮಯ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಡಾಲರಿಗೆ 57ರ ಆಸುಪಾಸಿನಲ್ಲಿದ್ದ ಬಿರ್ ಕೆಲವೇ ತಿಂಗಳಲ್ಲಿ 100 ದಾಟಿತು, ಬೆಲೆಗಳೂ ಅದರೊಂದಿಗೆ ಏರಿದವು. ಡಾಲರ್ ನೋಟುಗಳನ್ನು ಒಯ್ದು ಬ್ಯಾಂಕಿನ ಕೌಂಟರಿನಲ್ಲಿ ಬದಲಿಸಿ ರಸೀದಿ ಇಟ್ಟುಕೊಳ್ಳಿ. ಹಿಂದಿರುಗುವಾಗ ಉಳಿದ ಬಿರ್ ಅನ್ನು ಮತ್ತೆ ಡಾಲರ್ ಮಾಡಿಸಲು ಆ ರಸೀದಿ ಬೇಕಾಗಬಹುದು. ರಸ್ತೆಬದಿಯಲ್ಲಿ ಹೆಚ್ಚು ಕೊಡುತ್ತೇವೆಂದು ಕರೆಯುವವರ ಹತ್ತಿರ ಹೋಗಬೇಡಿ. ಅದು ಕಾನೂನುಬಾಹಿರವಷ್ಟೇ ಅಲ್ಲ, ಎಣಿಸುವಾಗ ನೋಟು ಮಾಯವಾಗುವ ಹಳೆಯ ಕೈಚಳಕ ಅಲ್ಲಿಯೂ ಇದೆ. ಚಾರ್ಜರ್ ಬಗ್ಗೆ ಒಂದು ಮಾತು: ನಮ್ಮ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಅಲ್ಲಿಯ ಸಾಕೆಟ್ಟಿಗೆ ಹೊಂದುತ್ತದೆ, ಮೂರು ಪಿನ್ನಿನದು ಹೊಂದುವುದಿಲ್ಲ.

ಹಂತ 2: ತಿಂಗಳನ್ನಲ್ಲದೆ ವಾರವನ್ನೂ ಆರಿಸಿಕೊಳ್ಳಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ದೊಡ್ಡ ಮಳೆಗಾಲ. ಜುಲೈ ಮತ್ತು ಆಗಸ್ಟ್‌ನಲ್ಲಿ ಕಾಲ್ನಡಿಗೆಯ ಯೋಜನೆಗಳೆಲ್ಲ ನೀರುಪಾಲಾಗುತ್ತವೆ. ಅಕ್ಟೋಬರ್‌ನಿಂದ ಜನವರಿಯವರೆಗೆ ಆಕಾಶ ತಿಳಿಯಾಗಿರುತ್ತದೆ. ಮಳೆ ಹಿಂದೆಗೆಯುವ ಸೆಪ್ಟೆಂಬರ್ ಕೊನೆಯ ವಾರಕ್ಕೆ ಒಂದು ವಿಶೇಷವಿದೆ. ಬೆಟ್ಟದ ಇಳಿಜಾರುಗಳಲ್ಲಿ ಅದೇಯ್ ಅಬಬಾ ಎಂಬ ಹಳದಿ ಹೂವು ಅರಳುತ್ತದೆ, ಏಸುವಿನ ಶಿಲುಬೆ ದೊರೆತದ್ದನ್ನು ನೆನೆಯುವ ಮೆಸ್ಕೆಲ್ ಹಬ್ಬದ ಮುನ್ನಾದಿನ, ಸಾಮಾನ್ಯವಾಗಿ ಸೆಪ್ಟೆಂಬರ್ 26ರಂದು, ಊರ ನಡುವಿನ ಮೆಸ್ಕೆಲ್ ಚೌಕದಲ್ಲಿ ಎತ್ತರದ ಕಟ್ಟಿಗೆಯ ರಾಶಿಗೆ ಬೆಂಕಿ ಇಡುತ್ತಾರೆ. ಜನವರಿ 19ರ ಸುಮಾರಿಗೆ ಬರುವ ತಿಮ್ಕೆತ್, ಏಸುವಿನ ದೀಕ್ಷಾಸ್ನಾನವನ್ನು ನೆನೆಯುವ ಹಬ್ಬ; ಅದರ ಮುನ್ನಾದಿನ ಊರಿನ ಚರ್ಚುಗಳ ಪವಿತ್ರ ಫಲಕಗಳನ್ನು ಜರತಾರಿ ಬಟ್ಟೆಯಲ್ಲಿ ಸುತ್ತಿ, ಬಣ್ಣದ ಛತ್ರಿಗಳ ಅಡಿಯಲ್ಲಿ ಜಾನ್ ಮೆಡಾ ಬಯಲಿಗೆ ಮೆರವಣಿಗೆಯಲ್ಲಿ ತರುತ್ತಾರೆ. ಈ ಎರಡೂ ಹಬ್ಬಗಳು ಯುನೆಸ್ಕೊ ಪಟ್ಟಿಯಲ್ಲಿವೆ. ಹಬ್ಬದ ದಿನಗಳಲ್ಲಿ ರಸ್ತೆಗಳು ಬಂದ್ ಆಗುವುದರಿಂದ ಅಂದೇ ವಿಮಾನ ಹಿಡಿಯುವ ಯೋಜನೆ ಹಾಕಬೇಡಿ.

ಸಸ್ಯಾಹಾರಿಗಳಿಗೆ ತಿಂಗಳಿಗಿಂತ ವಾರ ಮುಖ್ಯ. ಇಥಿಯೋಪಿಯದ ಆರ್ಥಡಾಕ್ಸ್ ಕ್ರೈಸ್ತರು ವರ್ಷದ ಬಹುಪಾಲು ಬುಧವಾರ ಮತ್ತು ಶುಕ್ರವಾರ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದನ್ನೂ ಮುಟ್ಟುವುದಿಲ್ಲ. ಈಸ್ಟರ್‌ಗೆ ಮೊದಲು ಸುಮಾರು 55 ದಿನ, ಅಲ್ಲಿಯ ಕ್ರಿಸ್‌ಮಸ್ ಆದ ಜನವರಿ 7ಕ್ಕೆ ಮೊದಲು ಸುಮಾರು 40 ದಿನ ಇದೇ ವ್ರತ. ಆ ದಿನಗಳಲ್ಲಿ ಊರಿನ ಸಾಮಾನ್ಯ ಹೋಟೆಲುಗಳೂ ಉಪವಾಸದ ಊಟವನ್ನೇ ಮುಂದಿಡುತ್ತವೆ. ಈಸ್ಟರ್ ಮುಗಿದ ನಂತರದ 50 ದಿನ ಮಾತ್ರ ಬುಧವಾರ, ಶುಕ್ರವಾರದ ಉಪವಾಸವಿಲ್ಲ. ಆಗ ಸಸ್ಯಾಹಾರ ಹುಡುಕಲು ಸ್ವಲ್ಪ ಓಡಾಡಬೇಕಾಗುತ್ತದೆ. ನಿಮ್ಮ ಎರಡು ದಿನಗಳಲ್ಲಿ ಒಂದು ಬುಧವಾರವೋ ಶುಕ್ರವಾರವೋ ಆಗುವಂತೆ ಟಿಕೆಟ್ ತೆಗೆಯಿರಿ. ಇನ್ನೊಂದು ಭಾನುವಾರವಾದರೆ ಬೆಳಗಿನ ಪ್ರಾರ್ಥನೆಯೂ ಸಿಗುತ್ತದೆ. ಆದರೆ ವಸ್ತುಸಂಗ್ರಹಾಲಯಗಳ ಸಮಯವನ್ನು ಮೊದಲೇ ವಿಚಾರಿಸಬೇಕು.

ಹಂತ 3: ಅಲ್ಲಿಯ ಗಡಿಯಾರವನ್ನು ಕಲಿಯಿರಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ, ಏಕೆಂದರೆ ಹೊಸಬರ ಹೆಚ್ಚಿನ ಗೊಂದಲ ಹುಟ್ಟುವುದೇ ಇಲ್ಲಿ. ಇಥಿಯೋಪಿಯದವರ ದಿನ ಬೆಳಿಗ್ಗೆ ಆರಕ್ಕೆ ಆರಂಭವಾಗುತ್ತದೆ. ನಮ್ಮ ಬೆಳಗಿನ 7 ಗಂಟೆ ಅವರಿಗೆ 1 ಗಂಟೆ, ನಮ್ಮ ಮಧ್ಯಾಹ್ನ 12 ಅವರಿಗೆ 6. ಸಂಜೆ ಆರರಿಂದ ರಾತ್ರಿಯ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಸಮಭಾಜಕಕ್ಕೆ ಹತ್ತಿರವಿರುವ ಊರಾದ್ದರಿಂದ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟಿ ಮುಳುಗುತ್ತಾನೆ, ಹಾಗಾಗಿ ಈ ಲೆಕ್ಕ ಅಲ್ಲಿ ಸಲೀಸಾಗಿ ನಡೆಯುತ್ತದೆ. ಸೂರ್ಯೋದಯದಿಂದ ವಾರವನ್ನು ಎಣಿಸುವ ಪಂಚಾಂಗದ ಪರಿಚಯವಿದ್ದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಿಸದು.

ಸುಲಭವಾದ ಉಪಾಯವೊಂದಿದೆ. ಮುಳ್ಳಿನ ಗಡಿಯಾರದಲ್ಲಿ ಗಂಟೆಯ ಮುಳ್ಳು ತೋರಿಸುವ ಅಂಕಿಗೆ ನೇರ ಎದುರಿಗೆ ಇರುವ ಅಂಕಿಯೇ ಅವರ ಗಂಟೆ. ಕಾರು ಚಾಲಕರು, ಮಾರ್ಗದರ್ಶಿಗಳು, ಅಂಗಡಿಯವರು ಸಮಯ ಹೇಳಿದಾಗ "ಹಬೆಶಾ ಗಂಟೆಯೋ, ಫೆರೆಂಜಿ ಗಂಟೆಯೋ" ಎಂದು ಕೇಳಿ. ಹಬೆಶಾ ಎಂದರೆ ಅವರದು, ಫೆರೆಂಜಿ ಎಂದರೆ ವಿದೇಶಿಯರದು. ಮಾರನೆಯ ದಿನ "ಎರಡು ಗಂಟೆಗೆ ಬರುತ್ತೇನೆ" ಎಂದ ಚಾಲಕ ಬೆಳಿಗ್ಗೆ ಎಂಟಕ್ಕೆ ಹೋಟೆಲಿನ ಬಾಗಿಲಲ್ಲಿ ನಿಂತಿರುತ್ತಾನೆ, ನೀವು ಮಧ್ಯಾಹ್ನದ ಎರಡೆಂದುಕೊಂಡು ಮಲಗಿರುತ್ತೀರಿ. ವಿಮಾನದ ಟಿಕೆಟ್‌ಗಳು ಮಾತ್ರ ಅಂತರರಾಷ್ಟ್ರೀಯ ಲೆಕ್ಕದಲ್ಲಿಯೇ ಇರುತ್ತವೆ. ಆ ಲೆಕ್ಕದಲ್ಲಿ ಅಡಿಸ್ ಅಬಾಬಾ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ.

ಪಂಚಾಂಗವೂ ಬೇರೆಯೇ. ವರ್ಷಕ್ಕೆ 13 ತಿಂಗಳು: 30 ದಿನಗಳ ಹನ್ನೆರಡು, ಕೊನೆಗೆ 5 ಅಥವಾ 6 ದಿನಗಳ ಪಗುಮೆ. ಹೊಸ ವರ್ಷ ಬರುವುದು ಸೆಪ್ಟೆಂಬರ್ 11ರಂದು, ಅಧಿಕ ವರ್ಷದ ಹಿಂದಿನ ವರ್ಷದಲ್ಲಾದರೆ 12ರಂದು. 2025ರ ಸೆಪ್ಟೆಂಬರ್‌ನಲ್ಲಿ ಅವರಿಗೆ 2018ನೆಯ ವರ್ಷ ಆರಂಭವಾಯಿತು. ರಸೀದಿಯ ಮೇಲೆ ಏಳೆಂಟು ವರ್ಷ ಹಳೆಯ ತಾರೀಖು ಕಂಡರೆ ಗಾಬರಿಯಾಗಬೇಡಿ.

ಹಂತ 4: ಮೊದಲ ಅರ್ಧ ದಿನ ನಿಧಾನವಾಗಿರಿ

ಅಡಿಸ್ ಅಬಾಬಾ ಸಮುದ್ರಮಟ್ಟದಿಂದ ಸುಮಾರು 2,350 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ತುದಿಗಿಂತಲೂ ಇದು 400 ಮೀಟರಿನಷ್ಟು ಮೇಲೆ. ವಿಮಾನದಿಂದ ಇಳಿದ ದಿನ ಎರಡು ಮಹಡಿ ಹತ್ತಿದರೆ ಏದುಸಿರು ಬರುವುದು, ರಾತ್ರಿ ನಿದ್ದೆ ಸರಿಯಾಗಿ ಬಾರದಿರುವುದು ಸಾಮಾನ್ಯ. ನೀರು ಹೆಚ್ಚು ಕುಡಿಯಿರಿ, ಮೊದಲ ದಿನವೇ ಬೆಟ್ಟ ಹತ್ತಬೇಡಿ, ಮದ್ಯಪಾನಿಗಳು ಅಂದು ಕೈ ಬಿಗಿ ಹಿಡಿಯುವುದು ಒಳ್ಳೆಯದು. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಹೊರಡುವ ಮೊದಲು ವೈದ್ಯರನ್ನು ಕೇಳಬೇಕು. ಹಗಲಿನ ಬಿಸಿಲು ಚುರುಕು, ಸಂಜೆಯಾದೊಡನೆ ಚಳಿ. ಆಫ್ರಿಕಾವೆಂದರೆ ಸೆಕೆಯೆಂದುಕೊಂಡು ಸ್ವೆಟರ್ ಬಿಟ್ಟುಬಂದವರು ಇಲ್ಲಿ ನಡುಗುತ್ತಾರೆ.

ನಲ್ಲಿಯ ನೀರು ಕುಡಿಯಬೇಡಿ. ಬಾಟಲಿ ಕೇಳಿದಾಗ ಅಂಬೊ ಎಂಬ ಗ್ಯಾಸ್ ತುಂಬಿದ ಖನಿಜಜಲ ಬರಬಹುದು. ಅದರ ರುಚಿ ಕೆಲವರಿಗೆ ಹಿಡಿಸುತ್ತದೆ, ಬಾಯಾರಿಕೆಗೆ ಅದು ಸಾಲದು. ಸಿಮ್ ಕಾರ್ಡನ್ನು ವಿಮಾನ ನಿಲ್ದಾಣದಲ್ಲಿಯೇ ಪಾಸ್‌ಪೋರ್ಟ್ ತೋರಿಸಿ ಕೊಂಡುಕೊಳ್ಳಿ, ಏಕೆಂದರೆ ಟ್ಯಾಕ್ಸಿ ಕರೆಯುವ ರೈಡ್, ಫೆರೆಸ್ ಮುಂತಾದ ಆ್ಯಪ್‌ಗಳಿಗೆ ಸ್ಥಳೀಯ ನಂಬರ್ ಇದ್ದರೆ ಕೆಲಸ ಸುಲಭ. ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ಆಮದನ್ನು 2024ರಲ್ಲಿ ನಿಷೇಧಿಸಿದ ದೇಶ ಇದು. ಕರೆದ ಟ್ಯಾಕ್ಸಿ ಸದ್ದಿಲ್ಲದ ಎಲೆಕ್ಟ್ರಿಕ್ ಕಾರಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಅಗ್ಗದ ಸಾರಿಗೆಯೆಂದರೆ ನೀಲಿ ಬಿಳಿ ಬಣ್ಣದ ಮಿನಿಬಸ್. ಬಾಗಿಲಲ್ಲಿ ನೇತಾಡುತ್ತ ಊರಿನ ಹೆಸರು ಕೂಗುವ ಹುಡುಗನಿಗೆ ವೆಯಾಲಾ ಎನ್ನುತ್ತಾರೆ. ಅವನು "ಬೋಲೆ, ಬೋಲೆ", "ಪಿಯಾಸಾ, ಪಿಯಾಸಾ" ಎಂದು ಉಸಿರು ಬಿಡದೆ ಕೂಗುವುದನ್ನು ಕೇಳಿ ಹತ್ತಬೇಕು, ಇಳಿಯುವಾಗ "ವೆರಾಜ್ ಅಲೆ" ಎನ್ನಬೇಕು. ಇಳಿಯುವವರಿದ್ದಾರೆ ಎಂದರ್ಥ. ವಿದೇಶಿಯೊಬ್ಬ ಅದನ್ನು ಸರಿಯಾಗಿ ಹೇಳಿದಾಗ ಇಡೀ ಮಿನಿಬಸ್ ತಿರುಗಿ ನೋಡಿ ನಗುತ್ತದೆ. ಚಿಲ್ಲರೆ ಕೈಯಲ್ಲಿರಲಿ, ಮೊಬೈಲ್ ಒಳಗಿನ ಕಿಸೆಯಲ್ಲಿರಲಿ. ಬಾಗಿಲ ಬಳಿಯ ನೂಕುನುಗ್ಗಲು ಜೇಬುಗಳ್ಳರಿಗೆ ಹಬ್ಬ.

ಹಂತ 5: ಉಪವಾಸದ ತಟ್ಟೆಯನ್ನು ಕೇಳುವ ಕ್ರಮ

ಈಗ ಮುಖ್ಯ ವಿಷಯಕ್ಕೆ ಬರೋಣ. ಬುಧವಾರವೋ ಶುಕ್ರವಾರವೋ ಮಧ್ಯಾಹ್ನ ಜನ ತುಂಬಿರುವ ಸಾಧಾರಣ ಹೋಟೆಲೊಂದಕ್ಕೆ ಹೋಗಿ "ಯತ್ಸೋಮ್ ಬೆಯಾಯ್ನೆತು" ಎಂದು ಕೇಳಿ. ಉಪವಾಸದ ಬಗೆಬಗೆಯ ಪದಾರ್ಥಗಳ ಊಟವಿದು. ಮೊದಲು ಕೈ ತೊಳೆಯಲು ನೀರು, ಆಮೇಲೆ ಅಗಲವಾದ ತಟ್ಟೆಯ ತುಂಬ ಹಾಸಿದ ಇಂಜೆರಾ ಬರುತ್ತದೆ. ಟೆಫ್ ಎಂಬ ಗಸಗಸೆಯಷ್ಟು ಸಣ್ಣ ಧಾನ್ಯದ ಹಿಟ್ಟನ್ನು ಕೆಲವು ದಿನ ಹುಳಿ ಬರಿಸಿ, ದೊಡ್ಡ ಹೆಂಚಿನ ಮೇಲೆ ಒಂದೇ ಮಗ್ಗುಲಿಗೆ ಬೇಯಿಸಿದ ತೆಳುವಾದ, ಮೆತ್ತನೆಯ ರೊಟ್ಟಿ ಅದು. ಮೇಲ್ಮೈ ತುಂಬ ಸಣ್ಣ ಸಣ್ಣ ಕಣ್ಣುಗಳು. ದೋಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲ ತುತ್ತು ತಿಂದವರಿಗೆ ಹುಳಿ ಮಿತಿ ಮೀರಿದಂತೆಯೂ ಗರಿಗರಿ ಇಲ್ಲವೆಂದೂ ಅನಿಸಬಹುದು. ಮೂರನೆಯ ತುತ್ತಿನವರೆಗೆ ತೀರ್ಪು ಕೊಡಬೇಡಿ, ಏಕೆಂದರೆ ಆ ಹುಳಿ ಲೆಕ್ಕ ಹಾಕಿ ಇಟ್ಟದ್ದು ಮೇಲಿನ ಪದಾರ್ಥಗಳಿಗಾಗಿ.

ಆ ಪದಾರ್ಥಗಳು ಇಂಜೆರಾದ ಮೇಲೆ ಒಂದೊಂದೇ ಗುಡ್ಡೆಯಾಗಿ ಕುಳಿತಿರುತ್ತವೆ. ಕೆಂಪಗೆ ಖಾರವಾಗಿರುವುದು ಮಿಸಿರ್ ವೊತ್: ಮಸೂರಬೇಳೆಯನ್ನು ಬೆರ್ಬೆರೆ ಎಂಬ ಒಣಮೆಣಸಿನ ಮಸಾಲೆಯಲ್ಲಿ ಬೇಯಿಸಿದ್ದು. ಹಳದಿಯಾಗಿ ಸಪ್ಪೆಯಿರುವುದು ಕಿಕ್ ಅಲಿಚಾ, ಬಟಾಣಿ ಬೇಳೆಯದು. ಹಸಿರಾಗಿರುವುದು ಗೊಮೆನ್ ಸೊಪ್ಪಿನ ಪಲ್ಯ. ಎಲೆಕೋಸು, ಗಜ್ಜರಿ, ಆಲೂಗಡ್ಡೆಯ ಪಲ್ಯ ಒಂದು ಕಡೆ, ಬೀಟ್‌ರೂಟ್ ಇನ್ನೊಂದು ಕಡೆ. ನಡುವೆ ಕುದಿಯುತ್ತಲೇ ಬರುವ ಶಿರೊ, ಅಂದರೆ ಕಡಲೆ ಮತ್ತು ಮಸಾಲೆಯ ಹಿಟ್ಟಿನ ದಪ್ಪ ಗೊಜ್ಜು. ಬಲಗೈಯಿಂದ ಇಂಜೆರಾದ ಅಂಚನ್ನು ಹರಿದು ಪದಾರ್ಥವನ್ನು ಅದರಲ್ಲಿಯೇ ಹಿಡಿದು ತಿನ್ನಬೇಕು. ಎಲ್ಲರೂ ಒಂದೇ ತಟ್ಟೆಯಿಂದ ತಿನ್ನುವುದು ಪದ್ಧತಿ. ಎಂಜಲಿನ ಯೋಚನೆ ಇರುವವರು ಬೇರೆ ತಟ್ಟೆ ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಊಟದ ಕೊನೆಗೆ ಎಲ್ಲ ರಸಗಳನ್ನೂ ಹೀರಿಕೊಂಡು ತಟ್ಟೆಯ ತಳದಲ್ಲಿ ಉಳಿದ ಇಂಜೆರಾದ ತುಂಡೇ ನನ್ನ ಮಟ್ಟಿಗೆ ಈ ಊಟದ ಅತ್ಯುತ್ತಮ ಭಾಗ. ಅದನ್ನು ಬಿಟ್ಟು ಎದ್ದರೆ ನಷ್ಟ ನಿಮಗೆ. ಜೊತೆಗೆ ಕುಳಿತವರು ಒಂದು ತುತ್ತು ಸುತ್ತಿ ನಿಮ್ಮ ಬಾಯಿಗೇ ಇಡಲು ಬಂದರೆ ಅದು ಗುರ್ಷಾ, ಪ್ರೀತಿಯ ಗುರುತು. ಬಾಯಿ ತೆರೆಯುವುದೇ ಮರ್ಯಾದೆ.

ಎಚ್ಚರಿಸಬೇಕಾದ ವಿಷಯಗಳು ಕೆಲವಿವೆ. ಉಪವಾಸವಲ್ಲದ ದಿನ ಶಿರೊಗೆ ಮಸಾಲೆ ಬೆರೆಸಿದ ತುಪ್ಪ ಹಾಕಿರುತ್ತಾರೆ. ಅದು ಹಾಲಿನದಾದ್ದರಿಂದ ಹೆಚ್ಚಿನವರಿಗೆ ತೊಂದರೆಯಿಲ್ಲ, ಆದರೆ "ಬೊಜೆನಾ ಶಿರೊ" ಎಂದಿದ್ದರೆ ಅದರಲ್ಲಿ ಮಾಂಸವಿರುತ್ತದೆ. ಮೀನನ್ನು ಉಪವಾಸದಲ್ಲಿಯೂ ತಿನ್ನಬಹುದೆಂದು ಕೆಲವರು ಭಾವಿಸುವುದರಿಂದ ಉಪವಾಸದ ಪಟ್ಟಿಯಲ್ಲಿ ಮೀನು ಕಂಡರೆ ಆಶ್ಚರ್ಯವಿಲ್ಲ. "ಸಿಗಾ ಅಲ್ಬೆಲಾಮ್" ಎಂದರೆ ನಾನು ಮಾಂಸ ತಿನ್ನುವುದಿಲ್ಲ ಎಂದು. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಉಪವಾಸ ಮುಗಿದ ದಿನಗಳಲ್ಲಿ ಇದೇ ಊರಿನವರು ಹಸಿ ಮಾಂಸವನ್ನೂ ಇಷ್ಟಪಟ್ಟು ತಿನ್ನುತ್ತಾರೆ, ಕಟುಕರ ಅಂಗಡಿಯೂ ಹೋಟೆಲೂ ಒಂದೇ ಆಗಿರುವ ಜಾಗಗಳಿವೆ. ಮನಸ್ಸು ಒಗ್ಗದವರು ಬಾಗಿಲಲ್ಲಿ ತೂಗುಹಾಕಿದ್ದನ್ನು ನೋಡಿ ಒಳಗೆ ಹೋಗಿ. ಊಟವಾದ ಮೇಲೆ ಹಣ್ಣಿನ ರಸದ ಅಂಗಡಿ ಕಂಡರೆ "ಸ್ಪ್ರಿಸ್" ಕೇಳಿ. ಬೆಣ್ಣೆಹಣ್ಣು, ಮಾವು, ಪರಂಗಿಯ ಗಟ್ಟಿ ರಸವನ್ನು ಒಂದರ ಮೇಲೊಂದು ಪದರವಾಗಿ ಲೋಟಕ್ಕೆ ಸುರಿದು, ಮೇಲೆ ನಿಂಬೆ ಹಿಂಡಿ, ಚಮಚದೊಂದಿಗೆ ಕೊಡುತ್ತಾರೆ.

ಹಂತ 6: ಕಾಫಿಗೆ ಒಂದು ಗಂಟೆ ಎತ್ತಿಡಿ

ಚಿಕ್ಕಮಗಳೂರಿನ ಬಾಬಾ ಬುಡನ್‌ಗಿರಿಗೆ ಯೆಮೆನ್‌ನಿಂದ ಬಂದ ಕಾಫಿಯ ಮೂಲ ಇಥಿಯೋಪಿಯದ ಕಾಡು. ಅರೇಬಿಕಾ ಇಂದಿಗೂ ಅಲ್ಲಿ ಕಾಡುಗಿಡವಾಗಿ ಬೆಳೆಯುತ್ತದೆ. ಫಿಲ್ಟರ್ ಕಾಫಿಯ ಅಭಿಮಾನಿಗಳು ತಿಳಿದಿರಬೇಕಾದದ್ದೆಂದರೆ, ಈ ಊರಿನಲ್ಲಿ ಕಾಫಿ ಕುಡಿಯುವ ಎರಡು ಸಂಪ್ರದಾಯಗಳಿವೆ, ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮೊದಲನೆಯದು ಮನೆಯ ವಿಧಿ. ಬೀದಿಯ ಮಗ್ಗುಲಲ್ಲಿ ಪುಟ್ಟ ಸ್ಟೂಲುಗಳನ್ನಿಟ್ಟುಕೊಂಡು ಹೆಂಗಸರು ನಡೆಸುವ "ಜೆಬೆನಾ ಬುನ್ನಾ" ಅಂಗಡಿಗಳಲ್ಲಿ ಇದರ ಚಿಕ್ಕ ರೂಪ ಸಿಗುತ್ತದೆ, ಮನೆಗೆ ಕರೆದರೆ ಪೂರ್ತಿ ರೂಪ. ನೆಲಕ್ಕೆ ಹಸಿ ಹುಲ್ಲು ಹಾಸಿರುತ್ತದೆ, ಕೆಂಡದ ಮೇಲೆ ಧೂಪ ಹೊಗೆಯಾಡುತ್ತದೆ. ತೊಳೆದ ಹಸಿ ಬೀಜವನ್ನು ಬಾಣಲೆಯಲ್ಲಿ ಹುರಿಯುತ್ತಾರೆ. ಬೀಜ ಕಪ್ಪಾಗಿ ಎಣ್ಣೆ ಬಿಟ್ಟು ಚಟಚಟ ಎನ್ನುವಾಗ ಬಾಣಲೆಯನ್ನು ಪ್ರತಿಯೊಬ್ಬರ ಎದುರಿಗೂ ತಂದು ಹೊಗೆಯನ್ನು ಮುಖದತ್ತ ಬೀಸುತ್ತಾರೆ. ಅಂಗೈಯಿಂದ ಹೊಗೆಯನ್ನು ನಿಮ್ಮ ಕಡೆಗೆ ಎಳೆದುಕೊಂಡು ಮೂಸಿದರೆ ಗೌರವ ಕೊಟ್ಟಂತೆ. ನಂತರ ಒರಳಿನಲ್ಲಿ ಕುಟ್ಟಿ, ಜೆಬೆನಾ ಎಂಬ ಉದ್ದ ಕತ್ತಿನ ಕಪ್ಪು ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಒಂದಡಿ ಎತ್ತರದಿಂದ ಎಳೆ ತುಂಡಾಗದಂತೆ ಸುರಿಯುತ್ತಾರೆ. ಹಾಲಿಲ್ಲ, ಸಕ್ಕರೆ ಧಾರಾಳ. ಜೊತೆಗೆ ಹುರಿದ ಜವೆಗೋಧಿ ಅಥವಾ ಜೋಳದ ಅರಳು.

ಅದೇ ಪುಡಿಗೆ ನೀರು ಹಾಕಿ ಮೂರು ಬಾರಿ ಕುದಿಸುತ್ತಾರೆ. ಮೊದಲ ಸುತ್ತು ಅಬೊಲ್, ಎರಡನೆಯದು ತೊನಾ, ಮೂರನೆಯದು ಬೆರೆಕಾ. ಹೊಸಬರು ಮಾಡುವ ತಪ್ಪೆಂದರೆ ಮೊದಲ ಬಟ್ಟಲು ಕುಡಿದೊಡನೆ ಕೈಮುಗಿದು ಎದ್ದುಬಿಡುವುದು. ಬೆರೆಕಾ ಎಂದರೆ ಆಶೀರ್ವಾದ. ಮನೆಗೆ ಕರೆದವರು ಅದನ್ನು ಕೊಡದೆ ಕಳಿಸಲು ಇಷ್ಟಪಡುವುದಿಲ್ಲ. ಹೊತ್ತಿಲ್ಲವೆಂದಾದರೆ ಮೊದಲೇ ಹೇಳಿಬಿಡಿ. ಮೂರನೆಯ ಸುತ್ತಿನ ಹೊತ್ತಿಗೆ ಕಾಫಿ ತೆಳುವಾಗಿರುತ್ತದೆ, ಮಾತು ಮಾತ್ರ ಕಳೆಗಟ್ಟಿರುತ್ತದೆ. ಎದುರಿಗಿದ್ದವರು ನಿಮ್ಮ ಮಾತಿನ ನಡುವೆ ಗಕ್ಕನೆ ಉಸಿರು ಒಳಗೆಳೆದುಕೊಂಡರೆ ಹೆದರಬೇಡಿ. ಅದು "ಹೌದು, ಹೌದು" ಎನ್ನುವ ಅವರ ರೀತಿ.

ಎರಡನೆಯದು 1936ರಿಂದ 1941ರವರೆಗೆ ಊರನ್ನು ಹಿಡಿದಿದ್ದ ಇಟಲಿಯವರ ನೆರಳಿನಲ್ಲಿ ಬೆಳೆದ ಸಂಪ್ರದಾಯ: ಹೊಳೆಯುವ ಯಂತ್ರ, ನಿಂತೇ ಕುಡಿಯುವ ಎತ್ತರದ ಮೇಜು, ಒಂದು ಹನಿ ಹಾಲಿನ ಮಕ್ಕಿಯಾಟೊ. 1953ರಿಂದ ನಡೆದುಬಂದಿರುವ ತೊಮೊಕಾ ಈ ಬಗೆಯ ಕಾಫಿಗೆ ಹೆಸರುವಾಸಿ, ಈಗ ಊರಿನಲ್ಲಿ ಅದರ ಹಲವು ಮಳಿಗೆಗಳಿವೆ. ಮೊದಲು ಹಣ ಕೊಟ್ಟು ಚೀಟಿ ಪಡೆದು, ಆಮೇಲೆ ಕೌಂಟರಿನಲ್ಲಿ ಕೊಡಬೇಕು. ನಮ್ಮ ದರ್ಶಿನಿಗಳಲ್ಲಿ ಪಳಗಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಹಂತ 7: ಅರಾತ್ ಕಿಲೊದಿಂದ ಸಿದಿಸ್ತ್ ಕಿಲೊಗೆ ಕಾಲ್ನಡಿಗೆ

ಎರಡನೆಯ ದಿನದ ಬೆಳಿಗ್ಗೆ ಇದಕ್ಕೆ. ಒಂದೇ ಏರುರಸ್ತೆಯಲ್ಲಿ ಅರಾತ್ ಕಿಲೊ, ಅಮಿಸ್ತ್ ಕಿಲೊ, ಸಿದಿಸ್ತ್ ಕಿಲೊ, ಅಂದರೆ ನಾಲ್ಕು, ಐದು, ಆರು ಕಿಲೊ ಎಂಬ ಹೆಸರಿನ ಮೂರು ವೃತ್ತಗಳು ಬರುತ್ತವೆ. ಕೆಳಗಿನಿಂದ ಆರಂಭಿಸಿ.

ಅರಾತ್ ಕಿಲೊ ಹತ್ತಿರದ ಹೋಲಿ ಟ್ರಿನಿಟಿ ಕೆಥೆಡ್ರಲ್ಲಿಗೆ ಬೆಳಿಗ್ಗೆ ಬೇಗನೆ ಹೋದರೆ, ನೆತೆಲಾ ಎಂಬ ಬಿಳಿ ಹೊದಿಕೆ ಹೊದ್ದ ಜನ ಗೋಡೆಗೆ ಹಣೆ ಹಚ್ಚಿ ನಿಂತಿರುವುದು ಕಾಣಿಸುತ್ತದೆ. ವಿಶೇಷ ದಿನಗಳಲ್ಲಿ ಪುರೋಹಿತರು ದೊಡ್ಡ ಡೋಲು ಮತ್ತು ಗೆಜ್ಜೆಯಂತೆ ಕಿಣಿಕಿಣಿಸುವ ಲೋಹದ ತ್ಸೆನಾತ್ಸಿಲ್ ಹಿಡಿದು, ಆಡುಮಾತಾಗಿ ಉಳಿಯದ ಗೀಝ್ ಭಾಷೆಯಲ್ಲಿ ಹಾಡುತ್ತಾರೆ. 1975ರಲ್ಲಿ ತೀರಿಕೊಂಡ ಚಕ್ರವರ್ತಿ ಹೈಲೆ ಸೆಲಾಸಿಯ ಅವಶೇಷಗಳನ್ನು 2000ದಲ್ಲಿ ಇಲ್ಲಿಗೆ ತಂದು ಸಮಾಧಿ ಮಾಡಲಾಯಿತು. ಚಪ್ಪಲಿ ಹೊರಗೆ ಬಿಡಬೇಕು, ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಬದಿ, ಪ್ರಾರ್ಥನೆ ನಡೆಯುವಾಗ ಕ್ಯಾಮೆರಾ ಚೀಲದಲ್ಲಿರಲಿ. ದುರಸ್ತಿಯ ಕಾರಣಕ್ಕೆ ಒಳಗೆ ಬಿಡದಿದ್ದರೂ ಅಂಗಳವನ್ನು ನೋಡಿ ಬರಬಹುದು.

ಅಮಿಸ್ತ್ ಕಿಲೊ ಬಳಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಎಲ್ಲರೂ ಹುಡುಕುವುದು ಲೂಸಿಯನ್ನು. ಇಥಿಯೋಪಿಯದ ಹದರ್ ಎಂಬಲ್ಲಿ 1974ರ ನವೆಂಬರ್‌ನಲ್ಲಿ ಸಿಕ್ಕ ಈ ಅಸ್ಥಿಪಂಜರ ಸುಮಾರು 32 ಲಕ್ಷ ವರ್ಷ ಹಳೆಯದು. ಅಲ್ಲಿಯವರು ಕರೆಯುವ ಹೆಸರು ದಿಂಕ್ನೆಶ್. ಸಾರ್ವಜನಿಕರಿಗೆ ತೋರಿಸುವುದು ಸಾಮಾನ್ಯವಾಗಿ ಅಚ್ಚು ತೆಗೆದ ಪ್ರತಿಕೃತಿಯನ್ನು, ಮೂಲ ಮೂಳೆಗಳು ಭದ್ರವಾದ ಕೋಣೆಯಲ್ಲಿವೆ. ನೋಡಿದವರು "ಇಷ್ಟೇನಾ" ಎನ್ನುವುದುಂಟು, ಏಕೆಂದರೆ ಸಿಕ್ಕಿರುವುದು ಮೂಳೆಗಳ ಶೇ 40ರಷ್ಟು ಮಾತ್ರ. ಆದರೆ ಎದ್ದು ನಿಲ್ಲಿಸಿದ ಮಾದರಿಯ ಪಕ್ಕ ನಿಂತು ನೋಡಿ. ನಿಮ್ಮ ಸೊಂಟದಿಂದ ಸ್ವಲ್ಪ ಮೇಲಕ್ಕೆ ಬರುವ ಆ ಜೀವ ಎರಡು ಕಾಲಿನ ಮೇಲೆ ನಡೆಯುತ್ತಿತ್ತು.

ಸಮಯವಿರುವುದು ಒಂದಕ್ಕೇ ಎಂದಾದರೆ ನನ್ನ ಆಯ್ಕೆ ಸಿದಿಸ್ತ್ ಕಿಲೊದ ಜನಾಂಗೀಯ ವಸ್ತುಸಂಗ್ರಹಾಲಯ. ಇದು ಹೈಲೆ ಸೆಲಾಸಿಯ ಹಿಂದಿನ ಅರಮನೆ. 1960ರ ವಿಫಲ ಕ್ಷಿಪ್ರಕ್ರಾಂತಿಯ ನಂತರ ಅವನು ಅದನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟ. ವಸ್ತುಗಳನ್ನು ಇಲ್ಲಿ ಪ್ರಾಂತ್ಯವಾರಾಗಿ ಜೋಡಿಸದೆ ಹುಟ್ಟು, ಬಾಲ್ಯ, ಮದುವೆ, ಮುಪ್ಪು, ಸಾವು ಎಂಬ ಕ್ರಮದಲ್ಲಿ ಜೋಡಿಸಿದ್ದಾರೆ. ಚಕ್ರವರ್ತಿಯ ಮಲಗುವ ಕೋಣೆ, ಸ್ನಾನದ ಮನೆ ಹಾಗೆಯೇ ಉಳಿದಿವೆ. ಹೊರಗೆ ಅಂಗಳದಲ್ಲಿ ಎಲ್ಲಿಗೂ ಹೋಗದ ಕಾಂಕ್ರೀಟ್ ಮೆಟ್ಟಿಲುಗಳ ಸುರುಳಿಯೊಂದಿದೆ. ಮುಸೊಲಿನಿ ಆಳಿದ ವರ್ಷಕ್ಕೊಂದರಂತೆ ಇಟಲಿಯವರು ಕಟ್ಟಿದ ಮೆಟ್ಟಿಲುಗಳಿವು. ಅವರನ್ನು ಓಡಿಸಿದ ಮೇಲೆ ಇಥಿಯೋಪಿಯದವರು ಅದನ್ನು ಒಡೆಯಲಿಲ್ಲ. ತುದಿಯ ಮೆಟ್ಟಿಲಿನ ಮೇಲೆ ತಮ್ಮ ರಾಜಲಾಂಛನದ ಪುಟ್ಟ ಸಿಂಹವನ್ನು ಕೂರಿಸಿದರು. ಎದುರಿನ ವೃತ್ತದಲ್ಲಿರುವ ಎತ್ತರದ ಕಂಬ 1937ರ ಫೆಬ್ರುವರಿ 19ರಿಂದ ಇಟಲಿಯ ಸೇನೆ ಈ ಊರಿನಲ್ಲಿ ನಡೆಸಿದ ಹತ್ಯಾಕಾಂಡದ ಸ್ಮಾರಕ. ಎರಡನ್ನೂ ಒಂದಾದ ಮೇಲೊಂದು ನೋಡಬೇಕು.

ಇಲ್ಲಿ ಒಂದು ಪ್ರಾಸಂಗಿಕ ಮಾತು. ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಉನ್ನತ ಅಧಿಕಾರಕ್ಕೇರಿದ ಇಖ್ಲಾಸ್ ಖಾನ್ ಹಬ್ಷಿ, ಅಂದರೆ ಇಥಿಯೋಪಿಯದ ಕಡೆಯ ಮೂಲದವನು, ಅಹಮದ್‌ನಗರದ ಮಲಿಕ್ ಅಂಬರ್ ಇಥಿಯೋಪಿಯದಲ್ಲಿ ಹುಟ್ಟಿದವನು. ದಖ್ಖಣಿನ ಇತಿಹಾಸದಲ್ಲಿ ಆಸಕ್ತಿಯಿದ್ದವರಿಗೆ ಈ ಸಂಗ್ರಹಾಲಯ ಅಷ್ಟೊಂದು ಪರಕೀಯವೆನಿಸದು.

ಈ ರಸ್ತೆಯಲ್ಲಿ ಎರಡು ಎಚ್ಚರಿಕೆಗಳು. ಅರಮನೆ, ಸರ್ಕಾರಿ ಕಚೇರಿ, ಪೊಲೀಸ್, ಸೈನಿಕರ ಫೋಟೊ ತೆಗೆಯಬೇಡಿ. ಮೊಬೈಲ್ ಕಸಿದುಕೊಳ್ಳುವ ಮಟ್ಟಕ್ಕೆ ಹೋಗಬಹುದು. ವಿದ್ಯಾರ್ಥಿಯೆಂದು ಪರಿಚಯ ಮಾಡಿಕೊಂಡು, "ಇವತ್ತೇ ವಿಶೇಷ ಕಾಫಿ ಸಮಾರಂಭವಿದೆ ಬನ್ನಿ" ಎಂದು ಒಳಗಲ್ಲಿಗೆ ಕರೆದೊಯ್ದು ಕೊನೆಗೆ ದೊಡ್ಡ ಬಿಲ್ ಮುಂದಿಡುವ ಮೋಸವೂ ಉಂಟು. ಮಾತಾಡಿಸಿದವರೆಲ್ಲ ಮೋಸಗಾರರಲ್ಲ, ಆದರೆ ಜಾಗವನ್ನು ನೀವೇ ಆರಿಸಿ.

ಹಂತ 8: ಎಂಟೊಟೊ ಬೆಟ್ಟ, ಇಳಿಯುವಾಗ ಶಿರೊ ಮೆಡಾ

ಸಿದಿಸ್ತ್ ಕಿಲೊದಿಂದ ಟ್ಯಾಕ್ಸಿ ಹಿಡಿದು ಉತ್ತರಕ್ಕೆ ಏರಿದರೆ 3,000 ಮೀಟರ್ ದಾಟಿದ ಎಂಟೊಟೊ. ರಾಜ ಎರಡನೇ ಮೆನೆಲಿಕ್ ಮೊದಲು ಇದ್ದದ್ದು ಈ ಬೆಟ್ಟದ ಮೇಲೆ. ಕೆಳಗಿನ ಬಿಸಿನೀರಿನ ಊಟೆಗಳ ಬಳಿ ರಾಣಿ ತೈತು ಇಷ್ಟಪಟ್ಟು ನೆಲೆ ಮಾಡಿಕೊಂಡದ್ದರಿಂದ 1886ರಲ್ಲಿ ಇಂದಿನ ಊರು ಹುಟ್ಟಿತು. ಸೌದೆಗಾಗಿ ನೆಟ್ಟ ನೀಲಗಿರಿ ಮರಗಳೇ ಬೆಟ್ಟದ ತುಂಬ. ಮಳೆ ನಿಂತ ಮರುದಿನ ಗಾಳಿಯೆಲ್ಲ ಅದರದೇ ವಾಸನೆ. 2020ರಲ್ಲಿ ತೆರೆದ ಉದ್ಯಾನದಲ್ಲಿ ನಡೆಯುವ ದಾರಿಗಳಿವೆ, ಭಾನುವಾರ ಊರಿನವರ ಗದ್ದಲ.

ಇಳಿಯುವಾಗ ಬೆಟ್ಟದ ಬುಡದ ಶಿರೊ ಮೆಡಾದಲ್ಲಿ ಇಳಿದುಕೊಳ್ಳಿ. ಕೈಮಗ್ಗದ ಹತ್ತಿ ಬಟ್ಟೆಗಳ ಸಾಲು ಸಾಲು ಅಂಗಡಿಗಳು ಇಲ್ಲಿವೆ. ನೆತೆಲಾ ಎಂಬ ತೆಳು ಬಿಳಿ ಹೊದಿಕೆಯ ಅಂಚಿನಲ್ಲಿ ತಿಬೆಬ್ ಎಂಬ ಬಣ್ಣದ ನೇಯ್ಗೆ ಇರುತ್ತದೆ. ಇಳಕಲ್ ಸೀರೆಯ ಅಂಚನ್ನು ತಿರುಗಿಸಿ ನೋಡುವ ಅಭ್ಯಾಸವಿದ್ದವರು ಇಲ್ಲಿಯೂ ಹಾಗೆಯೇ ಹಿಂಬದಿಯನ್ನು ನೋಡಬೇಕು. ಮಗ್ಗದಲ್ಲಿ ನೇಯ್ದ ಅಂಚಿನಲ್ಲಿ ಎಳೆಗಳು ಬಟ್ಟೆಯೊಳಗೇ ಸೇರಿಕೊಂಡಿರುತ್ತವೆ, ಯಂತ್ರದ ಕಸೂತಿಯಲ್ಲಿ ಹಿಂದೆ ಗಂಟುಗಳೂ ಅಂಟಿಸಿದ ಬಟ್ಟೆಯೂ ಸಿಗುತ್ತವೆ. ಚೌಕಾಸಿ ನಡೆಯುತ್ತದೆ, ಆದರೆ ಅರ್ಧಕ್ಕರ್ಧ ಇಳಿಸುವ ಹಟ ಬೇಡ.

ಮೆರ್ಕಾಟೊ ಎಂಬ ದೊಡ್ಡ ಮಾರುಕಟ್ಟೆಗೂ ಹೋಗಬೇಕೆಂದು ಬಹಳ ಮಂದಿ ಬರೆಯುತ್ತಾರೆ. ಎರಡು ದಿನದವರು ಬಿಟ್ಟರೂ ನಷ್ಟವಿಲ್ಲವೆಂಬುದು ನನ್ನ ಅಭಿಪ್ರಾಯ. ಹೋಗುವುದೇ ಆದರೆ ಊರಿನವರೊಬ್ಬರನ್ನು ಕರೆದುಕೊಂಡು, ಬೆಳಿಗ್ಗೆ, ಬರಿಗೈಯಲ್ಲಿ ಹೋಗಿ. ಮಿನಾಲೆಶ್ ತೆರಾ ಎಂಬ ಭಾಗವನ್ನು ಮಾತ್ರ ತಪ್ಪದೆ ನೋಡಿ; ಹಳೆಯ ಡ್ರಮ್ಮು, ಟಯರು, ಡಬ್ಬಗಳನ್ನು ಬಡಿದು ಒಲೆ, ಚಪ್ಪಲಿ, ಸಾಮಾನು ಮಾಡುವ ಗುಜರಿ ಕಸುಬುದಾರರು ಅಲ್ಲಿದ್ದಾರೆ. ಪಿಯಾಸಾದ ಹಳೆಯ ಬೀದಿಗಳನ್ನು ಹುಡುಕುತ್ತ ಹೋಗುವವರಿಗೂ ಒಂದು ಸೂಚನೆ: 2024ರಲ್ಲಿ ಆ ಬಡಾವಣೆಯ ಬಹಳಷ್ಟು ಕಟ್ಟಡಗಳನ್ನು ಕೆಡವಲಾಗಿದೆ, ಅದಕ್ಕೂ ಹಿಂದಿನ ನಕ್ಷೆ, ಫೋಟೊಗಳು ನಿಮ್ಮ ದಾರಿ ತಪ್ಪಿಸುತ್ತವೆ. ಅದೇ ವರ್ಷ ಅಲ್ಲಿ ತೆರೆದ ಅದ್ವಾ ವಿಜಯ ಸ್ಮಾರಕ, 1896ರ ಮಾರ್ಚ್ 1ರಂದು ಇಟಲಿಯ ಸೈನ್ಯವನ್ನು ಸೋಲಿಸಿದ ಕದನದ ನೆನಪಿಗೆ ಕಟ್ಟಿದ್ದು.

ಹಂತ 9: ರಾತ್ರಿ ಒಮ್ಮೆ ಅಜ್ಮರಿಯನ್ನು ಕೇಳಿ

ಅಜ್ಮರಿ ಎಂದರೆ ಒಂದೇ ತಂತಿಯ ಮಸೆಂಕೊ ನುಡಿಸುತ್ತ ಸ್ಥಳದಲ್ಲಿಯೇ ಪದ ಕಟ್ಟಿ ಹಾಡುವ ಗಾಯಕ ಅಥವಾ ಗಾಯಕಿ. ಅವರು ಹಾಡುವ ಸಣ್ಣ ಮದ್ಯದಂಗಡಿಗಳಿಗೆ ಅಜ್ಮರಿ ಬೇತ್ ಎನ್ನುತ್ತಾರೆ. ಹೋಟೆಲಿನವರನ್ನು ಕೇಳಿ ಒಳ್ಳೆಯದೊಂದನ್ನು ಆರಿಸಿ, ಆ್ಯಪ್‌ನ ಟ್ಯಾಕ್ಸಿಯಲ್ಲೇ ಹೋಗಿ ಬನ್ನಿ. ವಿದೇಶಿಯರು ಕಂಡೊಡನೆ ಹಾಡು ನಿಮ್ಮ ಕಡೆಗೆ ತಿರುಗುತ್ತದೆ. ನಿಮ್ಮ ಮೀಸೆ, ಕನ್ನಡಕ, ಜೊತೆಗಾರರು ಎಲ್ಲವೂ ಸಾಲುಗಳಾಗಿ ಬರುತ್ತವೆ, ಪ್ರತಿ ಸಾಲಿಗೂ ಸುತ್ತಲಿನವರು ಹೊಟ್ಟೆ ಹಿಡಿದು ನಗುತ್ತಾರೆ. ಅರ್ಥವಾಗದಿದ್ದರೂ ನಗುವುದೇ ಸರಿಯಾದ ಉತ್ತರ. ಹಾಡು ಮುಗಿದಾಗ ಒಂದು ನೋಟನ್ನು ಅವರ ಹಣೆಗೆ ಅಂಟಿಸುವುದು ಅಥವಾ ಕೈಗೆ ಕೊಡುವುದು ರೂಢಿ, ಚಿಕ್ಕ ನೋಟುಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಜೇನಿನಿಂದ ಮಾಡಿದ ತೆಜ್ ಎಂಬ ಮದ್ಯ ಸಿಹಿಯಾಗಿ ಸುಲಭವಾಗಿ ಇಳಿಯುತ್ತದೆ. ಈ ಎತ್ತರದಲ್ಲಿ ಅದು ಬೇಗನೆ ತಲೆಗೇರುತ್ತದೆ ಎಂಬುದನ್ನು ಮರೆಯಬೇಡಿ.

ಹಂತ 10: ಹಿಂದಿರುಗುವಾಗ

ಬೋಲೆ ವಿಮಾನ ನಿಲ್ದಾಣ ಊರೊಳಗೇ ಇದ್ದರೂ ತಪಾಸಣೆಯ ಸಾಲು ಉದ್ದ, ಮೂರು ಗಂಟೆ ಮೊದಲೇ ತಲುಪಿ. ಹಳೆಯ ಶಿಲುಬೆ, ಚರ್ಮದ ಹಸ್ತಪ್ರತಿ, ಪುರಾತನವೆಂದು ಹೇಳಿ ಮಾರಿದ ವಸ್ತುಗಳನ್ನು ಅನುಮತಿಯಿಲ್ಲದೆ ಹೊರಗೆ ಒಯ್ಯುವಂತಿಲ್ಲ. ಹೊಸದಾಗಿ ಮಾಡಿದ್ದೆಂದು ತೋರಿಸಲು ಅಂಗಡಿಯ ರಸೀದಿ ಜೊತೆಗಿರಲಿ. ಮಣ್ಣಿನ ಜೆಬೆನಾ ಕೊಂಡಿದ್ದರೆ ಅದರ ಕತ್ತಿನ ಸುತ್ತ ನೆತೆಲಾ ಸುತ್ತಿ ಕೈಚೀಲದಲ್ಲಿಯೇ ಇಟ್ಟುಕೊಳ್ಳಿ, ಸಾಮಾನಿನ ಜೊತೆ ಹಾಕಿದರೆ ಊರು ಸೇರುವಷ್ಟರಲ್ಲಿ ಚೂರಾಗಿರುತ್ತದೆ. ಹಳದಿ ಲಸಿಕಾ ಪುಸ್ತಿಕೆಯನ್ನು ಸೂಟ್‌ಕೇಸಿನೊಳಗೆ ತುರುಕದೆ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಿ. ಭಾರತದಲ್ಲಿ ಇಳಿದೊಡನೆ, ಸಾಮಾನು ಸಿಗುವ ಮೊದಲೇ, ಆರೋಗ್ಯ ತಪಾಸಣೆಯವರು ಅದನ್ನು ಕೇಳುತ್ತಾರೆ.